ಹಿಂದಿನ ಗಾಜಿಗೆ ಅರಿಷಿಣ

ಮಹಾನಂದಾ ಕೆಂಪು ಕಾರನ್ನು ಹಿಂದಕ್ಕೆ ತೆಗೆದದ್ದು ಅವತ್ತು ಬೆಳಿಗ್ಗೆ, ಅದೇ ಮೊದಲ ಸಲ. ಮೊದಲ ಸಲವೇ ಅತ್ತೆಯ ಹಪ್ಪಳದ ಮೇಲೆ ಹತ್ತಿಸಿಬಿಟ್ಟಳು.

ಹಪ್ಪಳಗಳನ್ನು ಅಂಗಳದಲ್ಲಿ ಚಾಪೆ ಹಾಸಿ ಒಣಗಲು ಬಿಟ್ಟಿದ್ದರು. ಕಾರಿನ ಹಿಂದಿನ ಗಾಲಿ ಚಾಪೆಯ ಈ ಅಂಚಿನಿಂದ ಆ ಅಂಚಿಗೆ ಸಾವಕಾಶವಾಗಿ, ಯಾರಿಗೂ ಬೇಸರವಾಗದಿರಲಿ ಎಂಬಂತೆ ಒಂದನ್ನೂ ಬಿಡದೆ ಹಾದುಹೋಯಿತು. ಅತ್ತೆ ಶಿವಗಂಗವ್ವ ಒಳಗಿನಿಂದ ಓಡಿಬಂದು ಒಂದು ಹಪ್ಪಳ ಎತ್ತಿ ಬಿಸಿಲಿಗೆ ಹಿಡಿದಳು. ಟಯರಿನ ನಕ್ಷೆ ಅದರ ಮೇಲೆ ಅಚ್ಚುಕಟ್ಟಾಗಿ ಮೂಡಿತ್ತು.

"ನಸುಕಿನ್ಯಾಗ ಎದ್ದ ಲಟ್ಟಿಸೀನಿ ಬೇ! ಹಿಂದ ನೋಡಬಾರದ?"

"ನೋಡೇನ್ರಿ ಅತ್ಯಾರ. ನೋಡಿದ್ರ ಏನರ ಕಾಣಬೇಕಲ್ರಿ!" ಎಂದು ಮಹಾನಂದಾ ಸ್ಟಿಯರಿಂಗ್ ಹಿಡಿದುಕೊಂಡೇ ಕೂಗಿದಳು. "ಆ ಹಿಂದಿನ ಗಾಜಿನಾಗ ನೋಡಿದ್ರ ಮಜ್ಜಿಗಿ ಗಡಗ್ಯಾಗ ಮುಖಾ ಇಟ್ಟಂಗ ಆಗ್ತೈತಿ."

ಕಟ್ಟೆಯ ಮೇಲೆ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದ ಅವಳ ಗಂಡ ಸುಭಾಸ ನಗು ತಡೆಯಲಾರದೆ ಕೆಮ್ಮಿದ. "ಅದಕ್ಕ ಹೇಳಿದ್ನೆಲ ನಾ! ಮುಂದ ಹೋಗೂದು ಯಾರಿಗರ ಬರ್ತೈತಿ. ಹಿಂದ ಬರೂದ ಖರೆ ಡ್ರೈವರಿಕಿ. ಇಳಿ ಕೆಳಗ. ನಾಳೆ ಮದಿವಿಗೆ ಸುನೀತಾ ಟ್ರ್ಯಾಕ್ಟರ್‌ನ್ಯಾಗ ಹೋಗ್ತಾಳ."

ಕಾರು ನಿಲ್ಲಿಸಿ ಕೀಲಿಕೈ ತೆಗೆಯುವಾಗ ಮಹಾನಂದಾಳಿಗೆ ಮೈಯೆಲ್ಲ ಉರಿಯಿತು. ಹಪ್ಪಳದ ನಾಚಿಕೆ ಒಂದು ಪಾಲಾದರೆ, ಆ 'ಇಳಿ ಕೆಳಗ' ಎಂಬ ಮಾತಿನ ಸಿಟ್ಟು ಮೂರು ಪಾಲು. ಆ ಸಿಟ್ಟಿಗೆ ಒಂದು ಇತಿಹಾಸವೇ ಇತ್ತು.

ಆ ಕೆಂಪು ಕಾರು ತಿರ್ಲಾಪುರಕ್ಕೆ ಬಂದದ್ದು ಗೋವಾದಿಂದ. ಅಲ್ಲಿ ಸಮುದ್ರ ನೋಡಲು ಬಂದವರನ್ನು ಹೊತ್ತು ತಿರುಗಿ ದಣಿದಿದ್ದ ಆ ತೆರೆದ ಕಾರನ್ನು ಕಡಲೆ ವ್ಯಾಪಾರಕ್ಕೆಂದು ಹೋದ ಸುಭಾಸ ನೋಡಿದ, ಮರುಳಾದ, ಕೊಂಡುತಂದ. ಮೇಲೆ ಮಡಚುವ ಬಟ್ಟೆಯ ಹುಡ್, ಅದರ ಬೆನ್ನಿಗೆ ಹೊಲಿದ ಒಂದು ಕಿಟಕಿ. ಎಲ್ಲರೂ ಅದನ್ನು ಗಾಜು ಎನ್ನುತ್ತಿದ್ದರು, ಆದರೆ ಅದು ಗಾಜಲ್ಲ, ಮೆತ್ತನೆಯ ಪ್ಲಾಸ್ಟಿಕ್ಕು. ಬಂದಾಗ ಅದು ಬಾವಿಯ ನೀರಿನಂತೆ ತಿಳಿಯಾಗಿತ್ತು. ಅದನ್ನು ಕೆಡಿಸಿದ್ದು ಸುಭಾಸನ ಪ್ರೀತಿ. ದಿನಾ ಬೆಳಿಗ್ಗೆ ಹೆಗಲ ಮೇಲಿನ ಟವೆಲ್ಲು ತೆಗೆದು, ಅದರ ಮೇಲೆ ಕೂತ ಎರೆಮಣ್ಣಿನ ಧೂಳನ್ನು ಒಣ ಬಟ್ಟೆಯಿಂದಲೇ ಗರಗರ ತಿಕ್ಕುತ್ತಿದ್ದ. ಮಬ್ಬಾಗತೊಡಗಿದಾಗ ಇನ್ನೂ ಜೋರಾಗಿ ತಿಕ್ಕಿದ. ಯಾರೋ ಹೇಳಿದರೆಂದು ಸೀಮೆಎಣ್ಣೆ ಹಚ್ಚಿ ತಿಕ್ಕಿದ. ಒಂದು ಚಳಿಗಾಲದ ಮುಂಜಾವು ನೆಂಟರಿಗೆ ತೋರಿಸಲು ಹುಡ್ ಮಡಚಿದಾಗ ಸೆಟೆದ ಪ್ಲಾಸ್ಟಿಕ್ಕಿನ ಮೇಲೆ ನಡುವೆ ಒಂದು ಗೆರೆ ಬಿತ್ತು. ಆಮೇಲೆ ಹುಡ್ಡಿನ ಕೀಲೇ ಕಚ್ಚಿಕೊಂಡು ಕೂತಿತು. ಅಂದಿನಿಂದ ಊರಿನವರು ತೆರೆದ ಕಾರು ಎಂದು ಕರೆಯುವ ಆ ಕಾರು ತೆರೆದೇ ಇರಲಿಲ್ಲ.

ಹಾಗಾದರೆ ಹಿಂದೇನೂ ಕಾಣದ ಕಾರನ್ನು ಸುಭಾಸ ಹಿಂದಕ್ಕೆ ತೆಗೆಯುತ್ತಿದ್ದದ್ದು ಹೇಗೆ? ಮಹಾನಂದಾಳನ್ನು ಕೆಳಗಿಳಿಸಿ. ಅಣ್ಣಿಗೇರಿಯ ಬಜಾರಿನಲ್ಲಿ, ಯಮನೂರಿನ ದರ್ಗಾದ ಮುಂದೆ, ಬೀಗರ ಮನೆಯ ಬಾಗಿಲಲ್ಲಿ, ಎಲ್ಲಿ ಹೋದರೂ ಅವನು "ಇಳಿ ಕೆಳಗ" ಎನ್ನುತ್ತಿದ್ದ. ರೇಷ್ಮೆ ಸೀರೆ ಉಟ್ಟ ಮಹಾನಂದಾ ಇಳಿದು, ಕಾರಿನ ಹಿಂದೆ ನಿಂತು, ಡಿಕ್ಕಿಯನ್ನು ಅಂಗೈಯಿಂದ ಬಡಿಯುತ್ತ "ಬರ್ಲಿ, ಬರ್ಲಿ, ಬರ್ಲಿ… ಹೋಲ್ಡಾನ್!" ಎಂದು ಕೂಗಬೇಕಿತ್ತು. ಹೊಗೆ, ಧೂಳು ಎಲ್ಲ ಅವಳ ಪಾಲಿಗೆ. ಅವಳು ಕುಂಕುಮದ ಮೇಲಿನ ಧೂಳು ಒರೆಸಿಕೊಂಡು ಒಳಗೆ ಹೋಗುವಷ್ಟರಲ್ಲಿ ಸುಭಾಸ ಕಟ್ಟೆಯ ಮೇಲಿದ್ದವರಿಗೆಲ್ಲ ಹೇಳುತ್ತಿದ್ದ, "ಹೆಂಗ ತಗದೆ ನೋಡ್ರಿ, ಒಂದ ಏಟಿಗೆ!" ಅವಳು ನಗುತ್ತಿದ್ದಳು. ನಕ್ಕು ನಕ್ಕು ಅವಳ ಹೊಟ್ಟೆಯಲ್ಲಿ ಒಂದು ಹಟ ಬೆಳೆದಿತ್ತು. ಹೆಸರಿನ ಬೆಳೆ ಕಿತ್ತ ಹೊಲದಲ್ಲಿ ಕಾರು ಕಲಿತಳು, ಲೈಸೆನ್ಸೂ ಮಾಡಿಸಿಕೊಂಡಳು. ಹಿಂದೆ ತೆಗೆಯುವುದೊಂದು ಮಾತ್ರ ಉಳಿದಿತ್ತು.

ಸುನೀತಾ ಹಿಂದಿನ ಮನೆಯ ದುರ್ಗವ್ವ ಮತ್ತು ಬೀರೇಶನ ಮಗಳು. ನಾಳೆ ಬೆಳಿಗ್ಗೆ ಅಣ್ಣಿಗೇರಿಯಲ್ಲಿ ಅವಳ ಮದುವೆ. ಕಾರು ಊರಿಗೆ ಬಂದ ಹೊಸದರಲ್ಲಿ ಅದನ್ನು ಮೊದಲು ಮುಟ್ಟಿದವಳು ಅವಳೇ. "ನಿನ್ನ ಮದಿವಿಗೆ ಇದರಾಗ ಕರಕೊಂಡ ಹೋಗ್ತೀನವ್ವಾ" ಎಂದು ಸುಭಾಸ ಆಗಲೇ ಮಾತು ಕೊಟ್ಟಿದ್ದ. ಆ ಹುಡುಗಿ ಅದನ್ನು ನೆಚ್ಚಿಕೊಂಡು ನವಲಗುಂದದ ಬೈಕ್ ಶೋರೂಮಿನಲ್ಲಿ ತನ್ನ ಜೊತೆ ಕೆಲಸ ಮಾಡುವವರಿಗೆಲ್ಲ ಹೇಳಿಕೊಂಡಿದ್ದಳು. ಸುಭಾಸ ಮಾತಿಗೆ ತಪ್ಪುವವನಲ್ಲ. ಮದುವೆಗೆ ಕಾರು ಮಿಂಚಬೇಕೆಂದು ಮೊನ್ನೆ ಪ್ಲಾಸ್ಟಿಕ್ ಬಕೆಟ್ಟನ್ನು ಬೋರಲು ಹಾಕಿ, ಅದರ ಮೇಲೆ ನಿಂತು, ಅದೇ ಒಣ ಟವೆಲ್ಲಿನಿಂದ ಅದೇ ಗಾಜನ್ನು ತಿಕ್ಕುತ್ತಿದ್ದಾಗ ಬಕೆಟ್ಟು ಜಾರಿತು, ಮಣಿಕಟ್ಟು ಮುರಿಯಿತು.

"ಇರಲಿ ಬಿಡ್ರಿ, ಟ್ರ್ಯಾಕ್ಟರ್ ಐತಲ್ಲ" ಎಂದ ಬೀರೇಶ.  ಮಾತಿಗೊಮ್ಮೆ ಕಿಲಕಿಲ ನಗುವ ಸುನೀತಾ ಮುಖ ತಿರುಗಿಸಿ ಒಳಗೆ ಹೋದದ್ದು ಮಹಾನಂದಾಳ ಕರುಳಿಗೆ ತಾಗಿತು. "ಕಾರ ನಾ ಹೊಡೀತೀನಿ" ಎಂದುಬಿಟ್ಟಳು. 

ಸುಭಾಸ ಕೆಟ್ಟವನಲ್ಲ, ಅವನ ಹೆದರಿಕೆಗೂ ಕಾರಣವಿತ್ತು. ದುರ್ಗವ್ವನ ಮನೆ ಇರುವುದು ಓಣಿಯ ತುದಿಗೆ. ಅಲ್ಲಿಗೆ ಓಣಿ ಮುಗಿಯುತ್ತದೆ, ತಿರುಗಿಸಲು ಜಾಗವಿಲ್ಲ. ಮುಂದೆ ಹೋದ ಗಾಡಿ ಊರ ಹೆಬ್ಬಾಗಿಲು ಅಗಸಿಯವರೆಗೂ ಹಿಂದೆ ಹಿಂದೆಯೇ ಬರಬೇಕು. ಕಾರಿನ ಬಲಗಡೆಯ ಕನ್ನಡಿಯನ್ನು ಎಮ್ಮೆಯೊಂದು ಕಿತ್ತುಕೊಂಡು ಹೋಗಿತ್ತು, ಎಡಗಡೆಯದು ಆಕಾಶ ನೋಡುತ್ತಿತ್ತು.

"ಯಾರನ್ನರ ಹಿಂದ ನಿಂದ್ರಸಿದ್ರ ಆತಲ್ಲ?" ಎಂದು ಶಿವಗಂಗವ್ವ ಕೇಳಿದ್ದಳು.

"ಬಾಜಂತ್ರಿ ಗದ್ದಲದಾಗ ಯಾರ ಕೂಗಿದ್ದು ಕೇಳಸ್ತೈತಿ ಯವ್ವಾ? ಓಣಿ ತುಂಬ ಸಣ್ಣ ಹುಡುಗೂರು. ಒಂದ ಕೂಸು ಗಾಲಿಗೆ ಅಡ್ಡ ಬಂತಂದ್ರ?" ಎಂದಿದ್ದ ಸುಭಾಸ. ಆ ಮಾತು ಖರೆ ಎಂದು ಮಹಾನಂದಾಳಿಗೂ ಗೊತ್ತಿತ್ತು.

ಈಗ ಹಪ್ಪಳವೂ ಗಾಲಿಗೆ ಸಿಕ್ಕ ಮೇಲೆ ಅವನು ಕೀಲಿಕೈಗೆ ಎಡಗೈ ಚಾಚಿದ. ಮಹಾನಂದಾ ಕೊಡದೆ ನಿಂತಳು. "ಸಂಜೀತನಾ ಟೈಮ್ ಕೊಡ್ರಿ. ಆ ಗಾಜ ತಿಳಿ ಮಾಡ್ತೀನಿ. ಹಿಂದ ಕಂಡ್ರ ಕೀಲಿಕೈ ನಂದು, ಕಾಣಲಿಲ್ಲಂದ್ರ ಟ್ರ್ಯಾಕ್ಟರ್."

"ನಾ ಇಷ್ಟ ವರ್ಷ ತಿಕ್ಕಿ ಆಗದ್ದು ನೀ ಒಂದ ದಿನದಾಗ ಮಾಡ್ತೀ? ಆತು, ಮಾಡು." ಅವಳು ಕೀಲಿಕೈ ಅವನ ಕೈಗಿಟ್ಟಳು. ಅದನ್ನು ಅವನು ಸೊಂಟದ ಉಡದಾರಕ್ಕೆ ಕಟ್ಟಿಕೊಳ್ಳುವ ಪದ್ಧತಿ. ಒಂದೇ ಕೈಯಲ್ಲಿ ಆಗದೆ ತಾಯಿಯನ್ನು ಕರೆದ. ಹಪ್ಪಳದ ಸಿಟ್ಟಿನಲ್ಲಿದ್ದ ಶಿವಗಂಗವ್ವ ಗಂಟಿನ ಮೇಲೆ ಗಂಟು ಹಾಕಿ ಬಿಗಿದಳು.

ಮಹಾನಂದಾ ಬಕೆಟ್ಟಿಗೆ ನೀರು ತುಂಬಿಕೊಂಡು ಕಾರಿನ ಹಿಂದೆ ನಿಂತದ್ದೇ ತಡ, ಮೇಲಿನಿಂದ ಕೂಗು ಬಂತು.

"ಕಾಕೂ! ಒಣ ಅರಿವಿ ಮುಟ್ಟಸಬ್ಯಾಡ್ರಿ!"

ಹಿತ್ತಲ ಗೋಡೆಯ ಆಚೆ ದುರ್ಗವ್ವನ ಮನೆಯ ಮಾಳಿಗೆಯ ಮೇಲೆ ಸುನೀತಾ ನಿಂತಿದ್ದಳು. ಮುಖ, ಕೈ, ಕಾಲು, ಸೀರೆ ಎಲ್ಲ ಅರಿಷಿಣ. ಆಗಷ್ಟೇ ಶಾಸ್ತ್ರ ಮುಗಿದಿತ್ತು. ಅರಿಷಿಣ ಹಚ್ಚಿದ ಮದುಮಗಳು ಹೊಸ್ತಿಲು ದಾಟುವಂತಿಲ್ಲ. ಮಾಳಿಗೆ ಏರಬಾರದು ಎಂದು ಯಾರೂ ಹೇಳಿರಲಿಲ್ಲ, ಯಾಕೆಂದರೆ ಹಿಂದೆ ಯಾವ ಮದುಮಗಳಿಗೂ ಅದು ಹೊಳೆದಿರಲಿಲ್ಲ.

"ಮೊದಲ ಬರೇ ನೀರ ಸುರುವ್ರಿ. ಕೈ ಹಚ್ಚಬ್ಯಾಡ್ರಿ. ಉಸುಕು ಮಣ್ಣು ತಾನ ಇಳದ ಹೋಗಬೇಕು. ಒಣದ ತಿಕ್ಕಿದ್ರ ಆ ಮಣ್ಣ ಗೀರತೈತಿ. ಹೆಲ್ಮೆಟ್ ಗಾಜ ಎಷ್ಟ ಮಂದಿ ಹಂಗ ಕೆಡಿಸಿಕೊಂಡ ಬರ್ತಾರ್ರಿ ನಮ್ಮ ಶೋರೂಮಿಗೆ!"

ಕಟ್ಟೆಯ ಮೇಲಿದ್ದ ಸುಭಾಸ ಹೆಗಲ ಮೇಲಿನ ಟವೆಲ್ಲನ್ನು ಮೆಲ್ಲಗೆ ಎಳೆದು ತೊಡೆಯ ಕೆಳಗೆ ಇಟ್ಟುಕೊಂಡ.

"ಕಾಕೂ, ಹಿಡೀರಿ!" ಬಟ್ಟೆಯಲ್ಲಿ ಸುತ್ತಿದ ಒಂದು ಸಣ್ಣ ಬಾಟಲಿ ಗಾಳಿಯಲ್ಲಿ ಹಾರಿಬಂದು ಮಹಾನಂದಾಳ ಸೆರಗಿನಲ್ಲಿ ಬಿತ್ತು. ಹೆಲ್ಮೆಟ್ಟಿನ ಪ್ಲಾಸ್ಟಿಕ್ ಗಾಜಿಗೆ ಹಚ್ಚುವ ಪಾಲಿಷ್. "ಅದು ಕಡೀಕ್ರಿ. ಮೊದಲ ತೊಳೀರಿ. ಬಕೆಟ್ಟಿಗೆ ನಾಕ ಹನಿ ಶಾಂಪೂ ಸಾಕು."

ಮಹಾನಂದಾ ಚರಿಗೆಯಿಂದ ನೀರು ಸುರುವಿದಳು. ಕರಿ ನೀರು ಇಳಿಯಿತು. ಇನ್ನೊಂದು ಚರಿಗೆ, ಮತ್ತೊಂದು. ಅವಳಿಗೆ ಹುರುಪು ಏರಿತು. ಅಷ್ಟರಲ್ಲಿ ಶಿವಗಂಗವ್ವ ಸಿಟ್ಟು ಮರೆತು ಅಡುಗೆಮನೆಯಿಂದ ಹುಣಸೆಹಣ್ಣು, ಬೂದಿ ತಂದಳು.

"ಇದು ಹಿತ್ತಾಳಿ ಹಂಡೆ ಅಲ್ರಿ ಅತ್ಯಾರ!"

"ಹಂಗಾರ ಇಭೂತಿ? ಭಾಳ ಸಣ್ಣ ಇರ್ತೈತಿ ಬೇ, ಹಿಟ್ಟಿನಂಗ."

"ದೇವರ ಮನ್ಯಾಗ ಇರ್ಲಿ ಬಿಡ್ರಿ. ನಿಮ್ಮ ಹಳೀ ಕಾಟನ್ ಸೀರಿ ಒಂದ ಕೊಡ್ರಿ, ಅಗದಿ ಮೆತ್ತಗ ಆಗಿದ್ದು."

ಯಾವ ಸೀರೆ ಹರಿಯುವುದು ಎಂಬುದರ ಮೇಲೆ ಒಳಗೆ ಅತ್ತೆ ಸೊಸೆಯರ ಚೌಕಾಶಿ ಶುರುವಾಯಿತು. ಒಂದೊಂದು ಸೀರೆಗೂ ಶಿವಗಂಗವ್ವನ ಬಳಿ ಒಂದೊಂದು ಕಥೆ ಇತ್ತು, ಕಥೆ ಪೂರ್ತಿ ಹೇಳದೆ ಅವಳು ಸೀರೆ ಬಿಡುವವಳಲ್ಲ. ಅಂತೂ ಒಂದು ನವಿರಾದ ತುಂಡು ಗೆದ್ದುಕೊಂಡು ಮಹಾನಂದಾ ಹೊರಗೆ ಬಂದರೆ, ಅಂಗಳದ ತುಂಬ ಹಾಡು.

ದುರ್ಗವ್ವ ಮತ್ತು ನಾಲ್ಕಾರು ಹೆಂಗಸರು ಕಾರಿನ ಹಿಂದೆ ಮುತ್ತಿಕೊಂಡಿದ್ದರು. ಹಂದರದ ಕಂಬಕ್ಕೆ ಅರಿಷಿಣ ಹಚ್ಚಿಯಾಗಿತ್ತು, ಒಳ್ಳು ಒನಕೆಗೆ ಹಚ್ಚಿಯಾಗಿತ್ತು. ಬಟ್ಟಲಲ್ಲಿ ಇನ್ನೂ ಉಳಿದಿತ್ತು. ಮದುಮಗಳನ್ನು ಹೊರುವ ಗಾಡಿಗೆ ಹಚ್ಚದಿದ್ದರೆ ಹೇಗೆ? ಅದರಲ್ಲೂ ಒದ್ದೆಯಾಗಿ, ಎಣ್ಣೆ ನೀರಿಗೆ ಕೂತ ಮದುಮಗಳ ಹಾಗೆ ಬೆನ್ನು ತೋರಿಸಿಕೊಂಡು ನಿಂತ ಗಾಜು ಎದುರಿಗೇ ಇರುವಾಗ? ಎಣ್ಣೆ ಕಲಸಿದ ಅರಿಷಿಣವನ್ನು ಎರಡೂ ಕೈಯಲ್ಲಿ ಬಳಿದು, ಸೋಬಾನೆ ಹಾಡುತ್ತ, ಮನಸಾರೆ ತಿಕ್ಕುತ್ತಿದ್ದರು. ಮಾಳಿಗೆಯ ಮೇಲೆ ಸುನೀತಾ ಕೈ ಬೀಸಿ ಬೀಸಿ ಕೂಗುತ್ತಿದ್ದಳು, ಹಾಡಿನ ಭರದಲ್ಲಿ ಯಾರಿಗೂ ಕೇಳಿಸಿರಲಿಲ್ಲ.

"ದುರ್ಗವ್ವಾ! ಏನ ಮಾಡಿದಿ!"

ಹಾಡು ನಿಂತಿತು. ಬಿಳಿ ಮಬ್ಬಾಗಿದ್ದ ಗಾಜು ಈಗ ಹಳದಿ ಮಬ್ಬಾಗಿತ್ತು.

"ಅಯ್ಯ, ಶುಭಕ್ಕಂತ ಹಚ್ಚೇನ್ರಿ ಅಕ್ಕಾರ. ಅದಕ್ಕೇನು, ತೊಳದ್ರ ಹೋತು" ಎಂದು ದುರ್ಗವ್ವ ಗಾಬರಿಯಲ್ಲಿ ಒಗೆಯುವ ಕಲ್ಲಿನ ಮೇಲಿದ್ದ ಬಟ್ಟೆ ಸಾಬೂನು ತಂದು ಗಸಗಸ ತಿಕ್ಕಿಬಿಟ್ಟಳು.

ಸಾಬೂನು ತಾಗಿದ ಅರಿಷಿಣ ಏನಾಗುತ್ತದೆ ಎಂಬುದು ಅಲ್ಲಿದ್ದ ಹೆಂಗಸರಿಗೆಲ್ಲ ಗೊತ್ತಿದ್ದ ವಿಷಯವೇ. ಆ ಹೊತ್ತಿಗೆ ಮಾತ್ರ ಒಬ್ಬರಿಗೂ ನೆನಪಾಗಲಿಲ್ಲ. ನೊರೆಯ ಕೆಳಗೆ ಗಾಜು ಕೆಂಪಾಯಿತು. ದುರ್ಗವ್ವ ತಿಕ್ಕಿದಷ್ಟೂ ಕೆಂಪು ಏರಿತು.

"ನನ್ನ ಗಾಡಿ!" ಎಂದು ಸುಭಾಸ ಎದ್ದು ನಿಂತ.

"ಓಕಳಿ ಆತು ನೋಡು" ಎಂದು ಶಿವಗಂಗವ್ವ ಕೈಮುಗಿದಳು. "ಮದಿವಿಗೆ ಮೊದಲ ಓಕಳಿ."

ಒಬ್ಬಳು ಫಕ್ಕನೆ ನಕ್ಕಳು. ನಗು ಹಬ್ಬಿತು. ಒಬ್ಬರನ್ನೊಬ್ಬರು ಹಿಡಿದುಕೊಂಡು, ಅರಿಷಿಣದ ಕೈ ಸೀರೆಗೆ ಬಡಿದುಕೊಂಡು ನಕ್ಕರು. ದುರ್ಗವ್ವ ಮಾತ್ರ ನೆಲದ ಮೇಲೆ ಕೂತು ಅತ್ತಳು. "ನನ್ನ ಮಗಳ ಆಸೇನ ನಾನ ಕೈಯಾರೆ ಕೆಡಿಸಿದ್ನೆಲ್ರಿ." ಅವಳ ಅಳು ಕಂಡು ಮಹಾನಂದಾಳ ಕಣ್ಣೂ ತುಂಬಿತು. ಇನ್ನು ಜೀವಮಾನವೆಲ್ಲ ಈ ಕಾರಿನ ಹಿಂದೆಯೇ ನಿಂತು ಹೊಗೆ ಕುಡಿಯುವುದು ತನ್ನ ಹಣೆಬರಹ ಎನ್ನಿಸಿತು. ಚರಿಗೆ ಎತ್ತಿ ಸುಮ್ಮನೆ ನೀರು ಸುರುವಿದಳು. ಸಾಬೂನು ತೊಳೆದುಹೋದ ಹಾಗೆ ಕೆಂಪು ಇಳಿದು ಮತ್ತೆ ಹಳದಿಗೆ ಬಂತು.

"ಅಳತೀರ್ಯಾಕ ಬೇ ಇಬ್ಬರೂ?" ಎಂದಳು ಶಿವಗಂಗವ್ವ. "ಮದಿವ್ಯಾಗ ಗಂಡಸರ ಬಿಳೀ ದೋತರಕ್ಕ ಅರಿಷಿಣ ಬಿದ್ದಾಗ ಏನ ಮಾಡ್ತೀರಿ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. "ಬಿಸಿಲಿಗೆ ಒಣಹಾಕ್ತೀವ್ರಿ!" ಎಂದು ಎಲ್ಲರೂ ಒಟ್ಟಿಗೆ ಕೂಗಿದರು.

ಅರಿಷಿಣದ ಕಲೆ ಸಾಬೂನಿಗೆ ಬಗ್ಗುವುದಿಲ್ಲ, ಬಿಸಿಲಿಗೆ ಬಗ್ಗುತ್ತದೆ. ಬಿಸಿಲಿಗೆ ನವಲಗುಂದದ ಸೀಮೆಯಲ್ಲಿ ಬರವೇ? ಹೊರಗೆ ಏಪ್ರಿಲ್ಲಿನ ಸೂರ್ಯ ಕೆಲಸವಿಲ್ಲದೆ ನಿಂತಿದ್ದ. ಬೇವಿನ ನೆರಳಲ್ಲಿದ್ದ ಕಾರನ್ನು ಈಚೆಗೆ ತಂದು ಬೆನ್ನು ಪಡುವಣಕ್ಕೆ ತಿರುಗಿಸಬೇಕಿತ್ತು. ಕೀಲಿಕೈ ಉಡದಾರದಲ್ಲಿ ಬಿಗಿದುಕೊಂಡಿತ್ತು. ಸ್ಟಿಯರಿಂಗಿನ ಲಾಕ್ ಕೆಟ್ಟು ಎಷ್ಟೋ ಕಾಲವಾಗಿತ್ತು, ಹಾಗಾಗಿ ದೂಡಿದರೆ ಸಾಕಿತ್ತು. ಮಹಾನಂದಾ ಮೊದಲು ಎಲ್ಲರಿಗೂ ಕೈ ತೊಳೆಯಲು ಹೇಳಿ, ಗಾಜಿನ ಮೇಲೆ ಉಳಿದ ಎಣ್ಣೆಯನ್ನು ಶಾಂಪೂ ನೀರಿನಿಂದ ಮೃದುವಾಗಿ ತೊಳೆದಳು. ಆಮೇಲೆ ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾರಿಗೆ ಹೆಗಲು ಕೊಟ್ಟರು. ಹಾಡು ಮತ್ತೆ ಶುರುವಾಯಿತು. ಸುಭಾಸ ಎಡಗೈ ಆಡಿಸುತ್ತ "ಸಾವಕಾಶ್ರಿ, ಸಾವಕಾಶ" ಎಂದು ಸುತ್ತ ಓಡಾಡಿದ. ಅಂಗಳದ ಒಂದು ಸುತ್ತು ಹಾಕಿದ ಕಾರು ಬಿಸಿಲಿಗೆ ಬೆನ್ನು ಕೊಟ್ಟು ನಿಂತಿತು.

"ಕಾದಾಗ ಯಾರೂ ಮುಟ್ಟಬ್ಯಾಡ್ರಿ" ಎಂದಳು ಸುನೀತಾ ಮೇಲಿನಿಂದ. "ಬಿಸಿಗೆ ಮೆತ್ತಗಾಗಿರ್ತೈತಿ. ಬೆರಳ ಒತ್ತಿದ್ರ ಗುರುತ ಬೀಳ್ತೈತಿ."

ಆ ಮಧ್ಯಾಹ್ನ ಮದುವೆ ಮನೆಯಲ್ಲಿ ಯಾರ ಕೈಗೂ ಕೆಲಸ ಹತ್ತಲಿಲ್ಲ. ಬುಂದಿ ಕಟ್ಟುವವರು ಎದ್ದುಬಂದು ನೋಡುತ್ತಿದ್ದರು, ಹೂವು ಕಟ್ಟುವವರು ಎದ್ದುಬಂದು ನೋಡುತ್ತಿದ್ದರು. ಮಾಳಿಗೆಯ ಮೇಲೆ ಛತ್ರಿ ಹಿಡಿದು ಕೂತ ಮದುಮಗಳು ಕ್ರಿಕೆಟ್ ಮ್ಯಾಚಿನ ಹಾಗೆ ಸುದ್ದಿ ಕೊಡುತ್ತಿದ್ದಳು.

"ನಿಂಬಿಹಣ್ಣಿಗೆ ಬಂತ್ರೀ ಕಾಕೂ!"

ಸ್ವಲ್ಪ ಹೊತ್ತಿಗೆ, "ಬೆಣ್ಣಿ! ಈಗ ಬೆಣ್ಣಿ ಆಗೇತಿ!"

"ಕೆಳಗ ಇಳಿ ಹುಚ್ಚಿ, ನಾಳೆ ಮದಿವಿ ಐತಿ, ಮುಖಾ ಕರ್ರಗಾದೀತು!" ಎಂದು ದುರ್ಗವ್ವ ಬೈದಳು. ಬೈಯುತ್ತಲೇ ತಾನೂ ಇಣುಕಿ ನೋಡಿದಳು.

ಬಿಸಿಲು ಇಳಿಯುವ ಹೊತ್ತಿಗೆ ಹಳದಿ ಹೋಗಿತ್ತು. ಆದರೆ ಹಳೆಯ ಬಿಳಿ ಮಬ್ಬು ಹಾಗೇ ಇತ್ತು. 

ನೆರಳು ಬಿದ್ದು ಗಾಜು ತಣ್ಣಗಾದ ಮೇಲೆ ಮಹಾನಂದಾ ಸೀರೆಯ ತುಂಡಿಗೆ ಪಾಲಿಷ್ ತೆಗೆದುಕೊಂಡು ಮೊದಲು ಒಂದು ಮೂಲೆಯಲ್ಲಿ ಮಾತ್ರ ಹಚ್ಚಿ ನೋಡಿದಳು. ಏನೂ ಕೆಡಲಿಲ್ಲ.

"ಹಿಂಬದಿ ಯಾರರ ಅಂಗೈ ಆನಸ್ರಿ, ಒತ್ತಿದ್ರ ಬಗ್ಗಬಾರದು" ಎಂದಳು ಸುನೀತಾ. "ಸುತ್ತ ಸುತ್ತ ತಿಕ್ಕಬ್ಯಾಡ್ರಿ ಕಾಕೂ, ನೆಟ್ಟಗ ಹೋಗ್ರಿ. ಮ್ಯಾಲಿಂದ ಕೆಳಗ."

ದುರ್ಗವ್ವ ಕಾರಿನ ಒಳಗೆ ಹೋಗಲು ಮುಂದೆ ಬಂದಳು. ಶಿವಗಂಗವ್ವ ಅವಳನ್ನು ಬಾಗಿಲಲ್ಲೇ ನಿಲ್ಲಿಸಿ ಎರಡೂ ಅಂಗೈ ಮೂಸಿ ನೋಡಿ, ಅರಿಷಿಣದ ವಾಸನೆ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಒಳಗೆ ಬಿಟ್ಟಳು. ದುರ್ಗವ್ವ ಹಿಂದಿನ ಸೀಟಿನ ಮೇಲೆ ಮಂಡಿಯೂರಿ ಅಂಗೈ ಆನಿಸಿದಳು. ಹೊರಗಿನಿಂದ ಮಹಾನಂದಾ ಹಗುರ ಕೈಯಿಂದ, ಮಗುವಿನ ಬೆನ್ನಿಗೆ ಎಣ್ಣೆ ನೀವುವಂತೆ, ಮೇಲಿನಿಂದ ಕೆಳಗೆ ನೀವಿದಳು. ಒಂದು ಸಾಲು, ಅದರ ಪಕ್ಕ ಇನ್ನೊಂದು ಸಾಲು. ಮೊದಮೊದಲು ಏನೂ ಕಾಣಲಿಲ್ಲ. ಆಮೇಲೆ ಆಚೆಗೆ ಏನೋ ಮಿನುಗಿತು, ದುರ್ಗವ್ವನ ಮೂಗುಬಟ್ಟು. ಆಮೇಲೆ ಮೂಗು, ಹಣೆ, ಅತ್ತು ಕೆಂಪಾದ ಕಣ್ಣು.

"ಅಕ್ಕಾರ! ನೀವ ಕಾಣಾಕ ಹತ್ತಿದ್ರಿ!" ಎಂದು ದುರ್ಗವ್ವ ಒಳಗಿನಿಂದ ಚೀರಿದಳು.

"ನೀನೂ ಕಾಣಾಕತ್ತಿ! ಹಲ್ಲಿಗೆ ಬುಂದಿ ಹತ್ತೇತಿ ನೋಡು!"

ಪ್ಲಾಸ್ಟಿಕ್ಕಿನ ಈಚೆ ಆಚೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ, ಹೊಟ್ಟೆ ಹಿಡಿದುಕೊಂಡು ನಕ್ಕರು. ಮಹಾನಂದಾಳಿಗೆ ಚಿಕ್ಕಂದಿನಲ್ಲಿ ಜೋಕಾಲಿ ಆಡುವಾಗ ಆಗುತ್ತಿದ್ದ ಖುಷಿ ಆಯಿತು. ನಡುವಿನ ಮಡಿಕೆಯ ಗೆರೆ ಮಾತ್ರ ಹೋಗಲಿಲ್ಲ. ಅದರ ಎರಡೂ ಬದಿ ತಿಳಿ.

ಸುಭಾಸ ಬಂದು ಡ್ರೈವರ್ ಸೀಟಿನಲ್ಲಿ ಕೂತ. ತಲೆಯ ಮೇಲಿನ ಕನ್ನಡಿಯಲ್ಲಿ ನೋಡಿದ. ಬಹಳ ಹೊತ್ತು ನೋಡಿದ. "ಕೋಳಿ ಕಾಣಸ್ತೈತಿ" ಎಂದ ಕೊನೆಗೆ, ಸಣ್ಣ ದನಿಯಲ್ಲಿ. "ಕೋಳಿ ಹಿಂದ ಬೇವಿನ ಗಿಡಾ. ಗಿಡದ ಹಿಂದ ಯವ್ವಾ." ಆಮೇಲೆ ಕೆಳಗಿಳಿದು ಹೆಂಡತಿಯ ಮುಂದೆ ನಿಂತು, ಅಂಗಿ ಎತ್ತಿ, ಹೊಟ್ಟೆ ಮುಂದೆ ಮಾಡಿದ.

ಶಿವಗಂಗವ್ವ ಹಾಕಿದ ಗಂಟು ಬಿಚ್ಚುವುದು ಗಾಜು ತಿಳಿ ಮಾಡುವುದಕ್ಕಿಂತ ಕಷ್ಟವಾಯಿತು. ಮಹಾನಂದಾಳ ಉಗುರು ತಾಗಿದಾಗೆಲ್ಲ ಸುಭಾಸ ಕಚಗುಳಿಗೆ ಕುಣಿದ. ಮಾಳಿಗೆಯ ಮೇಲಿನಿಂದ ಮದುಮಗಳು ಸೀಟಿ ಹೊಡೆದಳು.

ಮರುದಿನ ಬೆಳಿಗ್ಗೆ ಚೆಂಡುಹೂವಿನ ಮಾಲೆ ಹಾಕಿಕೊಂಡ ಕೆಂಪು ಕಾರು ದುರ್ಗವ್ವನ ಓಣಿಯ ತುದಿಗೆ ಹೋಗಿ ನಿಂತಿತು. ಬಾಸಿಂಗ ಕಟ್ಟಿದ ಸುನೀತಾ ಹಿಂದಿನ ಸೀಟಿನ ಒಂದು ಮಗ್ಗುಲಿಗೆ ಸರಿದು ಕೂತಳು, ಕಾಕೂಗೆ ಹಿಂದೆ ಕಾಣಲಿ ಎಂದು. ಬೀರೇಶ, ದುರ್ಗವ್ವ, ಉಳಿದವರೆಲ್ಲ ಅಗಸಿಯಲ್ಲಿ ಟ್ರ್ಯಾಕ್ಟರ್ ಹತ್ತಿ ಕಾಯುತ್ತಿದ್ದರು. ಬಾಜಂತ್ರಿ ಬಡಿಯಿತು. ಮಹಾನಂದಾ ಹಸಿರು ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿ, ರಿವರ್ಸ್ ಗೇರು ಹಾಕಿ, ಕನ್ನಡಿಯಲ್ಲಿ ನೋಡಿದಳು.

ಇಡೀ ಓಣಿ ಕಂಡಿತು. ಕಟ್ಟೆ ಕಂಡಿತು, ಗಟಾರ ಕಂಡಿತು, ಕಟ್ಟೆಯಿಂದ ಜಿಗಿಯಲು ನಿಂತ ಕೆಂಪು ಲಂಗದ ಕೂಸು ಕಂಡಿತು. ಬ್ರೇಕು ಒತ್ತಿದಳು, ಕೂಸನ್ನು ಅದರ ಅಜ್ಜಿ ಎತ್ತಿಕೊಳ್ಳುವವರೆಗೆ ಕಾದಳು, ಮತ್ತೆ ಮೆಲ್ಲಗೆ ಬಿಟ್ಟಳು.  

ಆಗ ಕನ್ನಡಿಯೊಳಗೆ ಸುಭಾಸ ಬಂದ.

ಯಾರೂ ಅವನಿಗೆ ಹೇಳಿರಲಿಲ್ಲ. ತಡೆಯಲಾರದೆ ಅವನೇ ಕಾರಿನ ಹಿಂದೆ ಬಂದು ನಿಂತಿದ್ದ. ಪ್ಲಾಸ್ಟರಿನ ಕೈ ಕೊರಳಿಗೆ ತೂಗುಹಾಕಿಕೊಂಡು, ಕಟ್ಟಿಸಿಕೊಂಡ ಪಟಗಾ ಕಣ್ಣಿನ ಮೇಲೆ ಜಾರುತ್ತಿರಲು, ಎಡಗೈಯಿಂದ ಡಿಕ್ಕಿ ಬಡಿಯುತ್ತ, ಹಿಂದೆ ಹಿಂದೆ ಹೆಜ್ಜೆ ಹಾಕುತ್ತ ಕೂಗುತ್ತಿದ್ದ, "ಬರ್ಲಿ, ಬರ್ಲಿ, ಬರ್ಲಿ…" ಹೊಗೆ ಅವನ ಮುಖಕ್ಕೆ ಬಡಿಯುತ್ತಿತ್ತು. ಎರೆಮಣ್ಣಿನ ಧೂಳು ಎದ್ದು ಹೊಸ ದೋತರವನ್ನು ಕಂದು ಮಾಡುತ್ತಿತ್ತು.

ಇಷ್ಟು ವರ್ಷ ನಾನು ಹೀಗೆ ಕಾಣುತ್ತಿದ್ದೆನೇ ಎಂದುಕೊಂಡ ಮಹಾನಂದಾಳಿಗೆ ನಗು ಉಕ್ಕಿತು. ಅದರ ಹಿಂದೆಯೇ ಅವನ ಮೇಲೆ ಪ್ರೀತಿಯೂ ಬಂತು. ಆದರೂ ಅವನನ್ನು ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ.

"ಕಾಕೂ, ನಿಮಗ ಎಲ್ಲಾ ಕಾಣಸ್ತೈತಲ್ರಿ?" ಎಂದಳು ಸುನೀತಾ. "ಕಾಕಾಗ ಬಾಜೂಕ ಸರಿ ಅನ್ರಿ, ಪಾಪ."

"ಇರ್ಲಿ ಬಿಡವಾ." ಮಹಾನಂದಾ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಏನಂದ್ರಿ? ಬಾಜಂತ್ರ್ಯಾಗ ಕೇಳವಲ್ದು! ಜೋರ ಕೂಗ್ರಿ!"

"ಬರ್ಲೀ! ಬರ್ಲೀ!" ಎಂದು ಸುಭಾಸ ಕೊರಳ ನರ ಉಬ್ಬಿಸಿ ಕೂಗಿದ. ಸುನೀತಾ ಬಾಸಿಂಗ ಹಿಡಿದುಕೊಂಡು ನಕ್ಕಳು.

ಅಗಸಿ ಬಂತು. "ಹೋಲ್ಡಾನ್!" ಎಂದು ಅವನು ಕೂಗುವ ಮೊದಲೇ ಕಾರು ತಿರುಗಿ, ಟ್ರ್ಯಾಕ್ಟರಿನ ಪಕ್ಕ ನೆಟ್ಟಗೆ ನಿಂತಿತು. ಟ್ರ್ಯಾಕ್ಟರ್ ತುಂಬ ಕೂತ ನೆಂಟರು, ಓಣಿಯ ಹೆಂಗಸರು ಚಪ್ಪಾಳೆ ತಟ್ಟಿದರು. ಮಹಾನಂದಾ ಬಾಗಿಲು ತೆರೆದು ಎದ್ದು ನಿಂತಳು.

"ಹೆಂಗ ತಗದೆ ನೋಡ್ರಿ, ಒಂದ ಏಟಿಗೆ!"

ಸುಭಾಸ ಕೆಮ್ಮುತ್ತ ನಿಂತಿದ್ದ. ಆ ಮಾತು ಕೇಳಿ ಕೆಮ್ಮು ನಿಂತಿತು. ಧೂಳು ಮೆತ್ತಿದ ಮುಖದಲ್ಲಿ ಎರಡು ಕಣ್ಣು ಮಾತ್ರ ಹೊಳೆಯುತ್ತಿದ್ದವು. ಅವು ಹೆಂಡತಿಯನ್ನು ನೋಡಿದವು, ಹಿಂದಿನ ಗಾಜನ್ನು ನೋಡಿದವು, ತಾನು ನಿಂತಿದ್ದ ಜಾಗವನ್ನು ನೋಡಿದವು. ಅವನು ಬಂದು ಅವಳ ಪಕ್ಕದ ಸೀಟಿನಲ್ಲಿ ಕೂತು, ಮುಖ ಒರೆಸಲು ಹೆಗಲ ಮೇಲಿನ ಟವೆಲ್ಲು ತೆಗೆದ.

ಮಹಾನಂದಾ ಅವನ ಕೈ ಹಿಡಿದು ತಡೆದು, ನೀರಿನ ಬಾಟಲಿ ಕೊಟ್ಟಳು.

"ಒಣದು ತಿಕ್ಕಬ್ಯಾಡ್ರಿ. ಮೊದಲ ನೀರ ಹಾಕ್ಕೋರಿ."